ಬೋರ್ ನೀರಲ್ಲಿ ಮನೆ ನಡೆಸೋದು: ದುರ್ಗದಲ್ಲಿ ನಾನು ಮಾಡ್ಕೊಂಡಿರೋ ವ್ಯವಸ್ಥೆ

ನಮ್ಮ ಮನೇಲಿ ನಾಲ್ಕು ಥರದ ನೀರಿದೆ, ನಲ್ಲಿ ನೀರು, ಬೋರ್ ನೀರು, ಮಳೆ ನೀರು, ಫಿಲ್ಟರ್ ನೀರು. ಹೊಸದಾಗಿ ಚಿತ್ರದುರ್ಗಕ್ಕೆ ಬಂದು ಮನೆ ಮಾಡೋರು, ಅದ್ರಲ್ಲೂ ಮಲೆನಾಡು ಕಡೆಯಿಂದ ಮದುವೆಯಾಗಿಯೋ ಟ್ರಾನ್ಸ್‌ಫರ್ ಆಗಿಯೋ ಬರೋರು ಮೊದಲನೇ ತಿಂಗಳಲ್ಲೇ ಕೇಳೋದು ಇದೇ, ಇಲ್ಲಿ ಬೇಳೆ ಯಾಕೆ ಬೇಯಲ್ಲ, ಕೂದಲು ಯಾಕೆ ಹಿಂಗೆ ನಾರಾಗೋಯ್ತು, ಸ್ಟೀಲ್ ಪಾತ್ರೆ ತೊಳೆದ್ರೂ ಯಾಕೆ ಬಿಳಿ ಬಿಳಿ ಕಲೆ. ನಾನೂ ಶಿವಮೊಗ್ಗ ಕಡೆಯವಳು, ಮದುವೆಯಾಗಿ ಇಲ್ಲಿಗೆ ಬಂದವಳು, ಅದಕ್ಕೇ ಅವರ ಸಂಕಟ ನಂಗೆ ಚೆನ್ನಾಗಿ ಅರ್ಥ ಆಗುತ್ತೆ. ನಮ್ಮ ಬೀದೀಲಿ ಯಾರೇ ಬಾಡಿಗೆಗೆ ಬಂದ್ರೂ ಒಂದು ವಾರದೊಳಗೆ ನಮ್ಮನೆ ಬಾಗಿಲಿಗೆ ಬರ್ತಾರೆ, ಹೇಳಿದ್ದನ್ನೇ ಹೇಳೋ ಬದಲು ಇಲ್ಲಿ ಎಲ್ಲಾ ಬರೆದಿಟ್ಟಿದೀನಿ.

ನಾನು ಎಲ್ಲರಿಗೂ ಮೊದಲು ಹೇಳೋದು ಒಂದೇ ಮಾತು. ಮನೇಗೆ ಬರೋ ಅಷ್ಟೂ ನೀರನ್ನ ಸರಿ ಮಾಡ್ತೀನಿ ಅಂತ ಹೊರಡಬೇಡಿ, ಅದಕ್ಕೆ ದುಡ್ಡೂ ಸಾಲಲ್ಲ ಅದರ ಅಗತ್ಯಾನೂ ಇಲ್ಲ. ಕೆಲಸ ನೋಡಿ ನೀರು ಹಂಚ್ಕೊಳ್ಳಿ. ಕುಡಿಯೋಕೆ ಒಂದು, ಬೇಳೆ ಬೇಯಿಸೋಕೆ ಒಂದು, ಬಟ್ಟೆಗೆ ಒಂದು, ಸಂಡಾಸಿಗೆ ಒಂದು. ದಿನಕ್ಕೆ ನೂರಾರು ಲೀಟರ್ ಖರ್ಚು ಮಾಡೋ ಮನೇಲಿ ನಿಜವಾಗಿ ಒಳ್ಳೆ ನೀರೇ ಬೇಕಾಗಿರೋದು ಕುಡಿಯೋಕೂ ಅಡುಗೆಗೂ ಸೇರಿ ಹೆಚ್ಚಂದ್ರೆ ಇಪ್ಪತ್ತು ಲೀಟರ್.

ದುರ್ಗದ ಪೇಟೆಗೆ ನೀರು ಬರೋದು ಎರಡು ಕಡೆಯಿಂದ, ಒಂದು ಚನ್ನಗಿರಿ ತಾಲೂಕಿನ ಶಾಂತಿಸಾಗರ, ಅದೇ ಸೂಳೆಕೆರೆ, ಇನ್ನೊಂದು ಹಿರಿಯೂರಿನ ವಾಣಿವಿಲಾಸ ಸಾಗರ. ಮಾರಿಕಣಿವೆ ಡ್ಯಾಮು ಅಂತಾರಲ್ಲ, ಅದು ಈ ವಾಣಿವಿಲಾಸ ಸಾಗರದ್ದೇ, 1907ರಲ್ಲಿ ಮುಗಿದಿದ್ದು, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ, 130 ಅಡಿ ತುಂಬಿದ್ದು ನೋಡೋಕೆ ಊರೂರಿಂದ ಜನ ಬಂದಿದ್ರು, ನಾವೂ ಮನೆಮಂದಿ ಎಲ್ಲಾ ಹೋಗಿದ್ವಿ. ಈ ಎರಡೂ ಕೆರೆ ನೀರೇ, ಅಂದ್ರೆ ಮೇಲ್ಗಡೆ ನಿಂತ ನೀರು, ಅಷ್ಟೊಂದು ಗಡಸು ಇರಲ್ಲ. ಆದ್ರೆ ನಲ್ಲೀಲಿ ದಿನಾ ಬರಲ್ಲವಲ್ಲ, ಬಿಟ್ಟಾಗ ಸಂಪು ತುಂಬಿಸ್ಕೋಬೇಕು, ನಡುವೆ ಖಾಲಿಯಾದ್ರೆ ಬೋರೇ ಗತಿ. ಬೋರ್ ನೀರು ಬಂಡೆ ಸಂದೀಲಿ ಎಷ್ಟೋ ವರ್ಷ ಕೂತು ಬಂದಿರುತ್ತೆ, ಕ್ಯಾಲ್ಸಿಯಂ ಮೆಗ್ನೀಷಿಯಂ ಎಲ್ಲಾ ಕರಗಿಸ್ಕೊಂಡು ಬರುತ್ತೆ, ಗಡಸು ಅನ್ನೋದು ಅದಕ್ಕೇ. ಆಳ ಹೋದಷ್ಟೂ ಸಾಮಾನ್ಯವಾಗಿ ಜಾಸ್ತೀನೇ.

ಹಂಗಾಗಿ ನಾವು ಮೊದಲು ಮಾಡಿದ ಕೆಲಸ ಏನಂದ್ರೆ ಸಂಪೂ ಬೋರೂ ಬೇರೆ ಮಾಡಿದ್ದು. ತುಂಬಾ ಮನೆಗಳಲ್ಲಿ ಬೋರ್ ಪೈಪು ತಂದು ಅದೇ ಸಂಪಿಗೆ ಬಿಟ್ಟಿರ್ತಾರೆ, ನಲ್ಲಿ ನೀರೂ ಅದರಲ್ಲೇ ಬೀಳುತ್ತೆ, ಎರಡೂ ಸೇರಿ ಒಳ್ಳೆ ನೀರೂ ಕೆಡುತ್ತೆ. ನಮ್ಮಲ್ಲಿ ಮೇಲೆ ಎರಡು ಟ್ಯಾಂಕು, ಸಣ್ಣದು ನಲ್ಲಿ ನೀರಿಂದು, ಅದರ ಲೈನು ಅಡುಗೆಮನೆಗೂ ಸ್ನಾನದ ಮನೆಗೂ ಮಾತ್ರ, ದೊಡ್ಡದು ಬೋರಿಂದು, ಅದು ಸಂಡಾಸು, ಅಂಗಳ, ಬಟ್ಟೆ ಒಗೆಯೋದು, ನೆಲ ಒರೆಸೋದು, ಗಾಡಿ ತೊಳೆಯೋದು ಇಷ್ಟಕ್ಕೆ. ಮನೆ ಕಟ್ಟುವಾಗಲೇ ಹೇಳಿದ್ರೆ ಪ್ಲಂಬರ್‌ಗೆ ಇದೇನು ದೊಡ್ಡ ಕೆಲಸ ಅಲ್ಲ, ಒಂದಷ್ಟು ಪೈಪು ಒಂದೆರಡು ವಾಲ್ವು ಜಾಸ್ತಿ ಅಷ್ಟೇ. ಕಟ್ಟಿ ಆದ್ಮೇಲೆ ಗೋಡೆ ಒಡೆಸಬೇಕು, ಆಗ ಕಷ್ಟ, ಆದ್ರೂ ಅಡುಗೆಮನೆ ಲೈನ್ ಒಂದನ್ನಾದ್ರೂ ಹೊರಗಡೆ ಗೋಡೆ ಮೇಲೇ ಬೇರೆ ಎಳೆಸಿ.

ಇನ್ನು ಟೆಸ್ಟಿಂಗು. ಕೈಯಲ್ಲಿ ಹಿಡಿಯೋ ಟಿಡಿಎಸ್ ಮೀಟರ್ ಎಲ್ಲರ ಹತ್ರನೂ ಇದೆ ಈಗ, ನೀರಲ್ಲಿ ಅದ್ದಿ ನಂಬರ್ ನೋಡಿ ಚೆನ್ನಾಗಿದೆ ಕೆಟ್ಟಿದೆ ಅಂತ ತೀರ್ಮಾನ ಮಾಡ್ಬಿಡ್ತಾರೆ. ಅದು ಹೇಳೋದು ಒಟ್ಟು ಕರಗಿರೋದು ಎಷ್ಟು ಅಂತ ಮಾತ್ರ, ಏನು ಕರಗಿದೆ ಅಂತ ಹೇಳಲ್ಲ. ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋದ ಲೆಕ್ಕದಲ್ಲಿ ಕುಡಿಯೋ ನೀರಿಗೆ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಸಿಗದೇ ಇದ್ದಾಗ 2,000ದವರೆಗೂ ನಡೆಯುತ್ತೆ. ಗಡಸುತನ 200ರೊಳಗೆ ಒಳ್ಳೇದು, ಬೇರೆ ಗತಿ ಇಲ್ಲದಾಗ 600. ಫ್ಲೋರೈಡ್ 1 ಮಿಲಿಗ್ರಾಂ ಒಳಗೆ, ತೀರಾ ಅಂದ್ರೆ 1.5. ನಮ್ಮ ಜಿಲ್ಲೇಲಿ ನೋಡಬೇಕಾಗಿರೋ ನಂಬರು ಈ ಕೊನೇದು, ಟಿಡಿಎಸ್ ಮೀಟರಲ್ಲಿ ಇದು ಕಾಣೋದೇ ಇಲ್ಲ, ನೀರು ನೋಡೋಕೆ ಸ್ಫಟಿಕದಂಗಿದ್ರೂ ರುಚಿ ಚೆನ್ನಾಗಿದ್ರೂ ಫ್ಲೋರೈಡ್ ಇರಬಹುದು.

ಆದ್ರಿಂದ ಬೋರ್ ಇರೋರು ಒಂದ್ಸಲ ಲ್ಯಾಬಿಗೆ ಕೊಟ್ಟೇ ಕೊಡಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯವರ ನೀರು ಪರೀಕ್ಷೆ ಲ್ಯಾಬ್ ಜಿಲ್ಲಾ ಕೇಂದ್ರದಲ್ಲಿ ಇರುತ್ತೆ, ಪ್ರೈವೇಟ್‌ನಲ್ಲೂ ಮಾಡ್ತಾರೆ. ಬೋರನ್ನ ಹತ್ತು ನಿಮಿಷ ಓಡಿಸಿ, ಆಮೇಲೆ ಅದೇ ನೀರಲ್ಲಿ ಬಾಟಲಿ ಎರಡು ಮೂರು ಸಲ ಗಲಬರಿಸಿ ಒಂದು ಲೀಟರ್ ಹಿಡೀರಿ, ಟ್ಯಾಂಕಿಂದ ಹಿಡೀಬೇಡಿ. ಫ್ಲೋರೈಡ್, ನೈಟ್ರೇಟ್, ಗಡಸುತನ ಈ ಮೂರನ್ನ ಹೆಸರು ಹೇಳಿ ಕೇಳಿ, ಬರೀ 'ನೀರು ಟೆಸ್ಟ್ ಮಾಡ್ಕೊಡಿ' ಅಂದ್ರೆ ಎಲ್ಲಾ ಮಾಡಿರ್ತಾರೆ ಅಂತ ಅಲ್ಲ. ಬ್ಯಾಕ್ಟೀರಿಯಾ ನೋಡಿಸೋದಾದ್ರೆ ಬಾಟಲಿ ಲ್ಯಾಬಿಂದನೇ ತಗೋಬೇಕು. ಬೇಸಿಗೇಲಿ ಒಂದ್ಸಲ, ಮಳೆಗಾಲ ಮುಗಿದ ಮೇಲೆ ಒಂದ್ಸಲ ಕೊಟ್ರೆ ಇನ್ನೂ ಒಳ್ಳೇದು, ನಂಬರ್ ಬದಲಾಗುತ್ತೆ. ನಮ್ಮ ಬೋರಲ್ಲಿ ಬೇಸಿಗೆಗೆ ಫ್ಲೋರೈಡ್ 1.9 ಬಂದಿತ್ತು. ಅವತ್ತಿಂದ ಆ ನೀರು ಬಾಯಿಗೆ ಹಾಕೋದು ಪೂರ್ತಿ ನಿಲ್ಸಿದ್ವಿ.

ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಮಕ್ಕಳಿರೋ ಮನೆಯವರು ದಯವಿಟ್ಟು ಕೇಳಿ. ಹಳ್ಳಿಗಳ ಕಡೆ ಮಕ್ಕಳ ಹಲ್ಲಲ್ಲಿ ಕಂದು ಗೆರೆ ಕಂದು ಮಚ್ಚೆ ನೋಡಿರ್ತೀರ, ಸರಿಯಾಗಿ ಉಜ್ಜಲ್ಲ ಅಂತ ಪಾಪ ಆ ಮಕ್ಕಳನ್ನೇ ಬೈತಾರೆ. ಅದು ಉಜ್ಜಿದ್ರೆ ಹೋಗೋದಲ್ಲ, ಹಲ್ಲು ಒಸಡಿನೊಳಗೆ ಬೆಳೀತಿರೋ ವಯಸ್ಸಲ್ಲಿ, ಅಂದ್ರೆ ಸುಮಾರು ಎಂಟು ವರ್ಷದೊಳಗೆ ಕುಡಿದ ಫ್ಲೋರೈಡ್ ನೀರಿಂದ ಆಗೋದು. ತುಂಬಾ ವರ್ಷ ಜಾಸ್ತಿ ಕುಡಿದ್ರೆ ದೊಡ್ಡೋರಿಗೂ ಕೀಲು ಬೆನ್ನು ಹಿಡ್ಕೊಳ್ಳುತ್ತೆ. ಕುದಿಸಿದ್ರೆ ಹೋಗುತ್ತೆ ಅಂತ ಬಹಳ ಜನ ನಂಬಿದಾರೆ, ಹೋಗಲ್ಲ, ನೀರು ಆವಿಯಾಗಿ ಕಮ್ಮಿಯಾದಷ್ಟೂ ಉಳಿದಿರೋದ್ರಲ್ಲಿ ಅದರ ಪ್ರಮಾಣ ಜಾಸ್ತಿನೇ ಆಗುತ್ತೆ. ಪಟಕ ತಿರುಗಿಸಿದ್ರೆ ರಾಡಿ ಕೆಳಗೆ ಕೂರುತ್ತೆ, ಆದ್ರೆ ಫ್ಲೋರೈಡ್‌ಗೆ ಅಂತ ಮನೇಲಿ ಅಂದಾಜಲ್ಲಿ ಪಟಕ ಹಾಕ್ಕೊಂಡು ಕೂರೋ ಹಂಗಿಲ್ಲ. ಬಟ್ಟೆ ಫಿಲ್ಟರ್, ಕ್ಯಾಂಡಲ್ ಫಿಲ್ಟರ್, ಬರೀ ಯುವಿ ಫಿಲ್ಟರ್, ಇವ್ಯಾವೂ ತೆಗೆಯಲ್ಲ. ಆರ್‌ಒ ತೆಗೆಯುತ್ತೆ.

ಆರ್‌ಒ ಬಗ್ಗೆ ನನ್ನ ಅಭಿಪ್ರಾಯ ಇದು. ನಲ್ಲಿ ನೀರು ಸಾಕಷ್ಟು ಬರೋ ಏರಿಯಾ ಆಗಿದ್ರೆ, ಅದರ ಟಿಡಿಎಸ್ ಕಮ್ಮಿ ಇದ್ರೆ ಆರ್‌ಒ ಬೇಕಿಲ್ಲ, ಸೋಸಿ ಕುದಿಸಿ ಕುಡಿದ್ರೆ ಸಾಕು. ಬೋರ್ ಮೇಲೇ ನಿಂತಿರೋರಿಗೆ ಬೇಕು. ತಗೊಂಡ್ರೆ ಒಂದು ವಿಷಯ ಗಮನಿಸಿ, ಈಗ ಬರೋ ಮೆಷಿನ್‌ಗಳಲ್ಲಿ ಟಿಡಿಎಸ್ ಅಡ್ಜಸ್ಟರ್ ಅಂತ ಒಂದು ಸಣ್ಣ ತಿರುಪು ಇರುತ್ತೆ, ನೀರು ತೀರಾ ಸಪ್ಪೆ ಅಂತ ಅನ್ನಿಸಬಾರದು ಅಂತ ಹಸಿ ನೀರನ್ನ ಸ್ವಲ್ಪ ಹಂಗೇ ಸೇರಿಸೋ ವ್ಯವಸ್ಥೆ. ಬೇರೆ ಊರಲ್ಲಿ ಪರವಾಗಿಲ್ಲ, ಫ್ಲೋರೈಡ್ ಇರೋ ಬೋರಿಗೆ ಹಾಕಿದ್ರೆ ತೆಗೆದ ಫ್ಲೋರೈಡನ್ನ ವಾಪಸ್ ಸೇರಿಸಿದಂಗೆ ಆಯ್ತು. ಫಿಟ್ ಮಾಡೋಕೆ ಬಂದ ಹುಡುಗ 'ಅಕ್ಕಾ ರುಚಿ ಬರಲ್ಲ, ಸ್ವಲ್ಪ ಮಿಕ್ಸಿಂಗ್ ಓಪನ್ ಮಾಡ್ತೀನಿ' ಅಂದ. 'ಬೇಡ ಕಣಪ್ಪ, ಪೂರ್ತಿ ಬಂದ್ ಮಾಡು, ರುಚಿ ನಾವು ಅಭ್ಯಾಸ ಮಾಡ್ಕೋತೀವಿ' ಅಂದೆ. ಒಂದು ವಾರ ಎಲ್ಲರೂ ಸಪ್ಪೆ ಸಪ್ಪೆ ಅಂದ್ರು, ಆಮೇಲೆ ಯಾರೂ ಮಾತಾಡಲಿಲ್ಲ.

ಆರ್‌ಒದಿಂದ ಹೊರಗೆ ಹೋಗೋ ವೇಸ್ಟ್ ನೀರು ಒಂದು ಲೀಟರ್ ಒಳ್ಳೇದಕ್ಕೆ ಎರಡು ಮೂರು ಲೀಟರ್ ಬರುತ್ತೆ, ಅದನ್ನ ಒಂದು ಡ್ರಮ್‌ಗೆ ಬಿಟ್ಟು ಸಂಡಾಸಿಗೆ, ಜಿಡ್ಡು ಪಾತ್ರೆ ಮೊದಲ ಸಲ ಗಲಬರಿಸೋಕೆ ಬಳಸ್ತೀವಿ. ಗಿಡಕ್ಕೆ ಹಾಕಬೇಡಿ, ಕುಂಡದ ಮಣ್ಣು ಉಪ್ಪು ಹಿಡಿಯುತ್ತೆ. ಹಸುಗೆ ಕುಡಿಸೋದಂತೂ ಬೇಡವೇ ಬೇಡ. ಆರ್‌ಒ ತಗೋಳೋಕೆ ಆಗದವರು ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಕ್ಯಾನ್ ತುಂಬಿಸ್ಕೊಂಡು ಬನ್ನಿ, ಅದೂ ಆರ್‌ಒನೇ, ಆದ್ರೆ ಕ್ಯಾನ್ ಒಳಗೆ ಕೈ ಹಾಕಿದ್ರೆ ಜಾರುತ್ತಾ ನೋಡಿ, ಜಾರಿದ್ರೆ ಪಾಚಿ ಕಟ್ಟೋಕೆ ಶುರುವಾಗಿದೆ ಅಂತ ಅರ್ಥ, ಬ್ರಷ್ ಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಈಗ ಬೇಳೆ ವಿಷಯ. ಇದಕ್ಕೆ ನಮ್ಮನೇಲಿ ದೊಡ್ಡ ಚರ್ಚೆನೇ ಆಗ್ತಿತ್ತು. 'ಅದ್ಯಾಕವ್ವ ಅಷ್ಟು ಒದ್ದಾಡ್ತೀಯ, ಒಂದು ಚಿಟಿಕೆ ಸೋಡಾ ಹಾಕು, ಬೆಂದೋಗುತ್ತೆ' ಅಂತ ಅತ್ತೆ. ಸೋಡಾ ಹಾಕಿದ್ರೆ ಬೇಯುತ್ತೆ ನಿಜ, ಆದ್ರೆ ಬೇಳೇಲಿರೋ ಬಿ1 ವಿಟಮಿನ್ ಹಾಳಾಗುತ್ತೆ, ಸಾರಿನ ರುಚೀನೂ ಸೋಪು ಸೋಪು. 'ಸೋಡಾ ಬೇಡ ಅತ್ತೆ, ಇವತ್ತು ಒಂದು ಮಾಡಿ ನೋಡಾಣ' ಅಂತ ಒಂದೇ ಕುಕ್ಕರಲ್ಲಿ ಎರಡು ಡಬ್ಬಿ ಇಟ್ಟೆ, ಒಂದೇ ಅಂಗಡಿ ತೊಗರಿಬೇಳೆ, ಒಂದೊಂದು ಲೋಟ, ಎರಡಕ್ಕೂ ಅಷ್ಟೇ ನೀರು, ಒಂದಕ್ಕೆ ಬೋರಿಂದು ಒಂದಕ್ಕೆ ಮಳೆ ನೀರು. ನಾಲ್ಕು ಸೀಟಿ ಆಗಿ ಆವಿ ಇಳಿದ ಮೇಲೆ ತೆಗೆದ್ರೆ ಮಳೆ ನೀರಿನ ಡಬ್ಬೀಲಿ ಬೇಳೆ ಒಡೆದು ಹಳದಿ ಗಂಜಿಯಾಗಿ ಸೌಟಲ್ಲಿ ಒಂದ್ಸಲ ತಿರುವಿದ್ರೆ ನುಣ್ಣಗಾಯ್ತು. ಬೋರಿಂದು ನೋಡಿದ್ರೆ ನೀರು ಬೇರೆ ಬೇಳೆ ಬೇರೆ, ಒಂದೊಂದು ಕಾಳೂ ತನ್ನ ಅಂಚು ಸಮೇತ ಹಂಗೇ ಕೂತಿತ್ತು, ಬೆರಳಲ್ಲಿ ಒತ್ತಿದ್ರೆ ನಡುವೆ ಹಿಟ್ಟು ಹಿಟ್ಟು. ಅತ್ತೆ ಎರಡೂ ಡಬ್ಬಿ ಕೈಗೆ ತಗೊಂಡು ಒಂದು ನಿಮಿಷ ನೋಡಿದ್ರು, 'ಹಂಗಾದ್ರೆ ಇಷ್ಟು ವರ್ಷ ಬೇಳೇನೇ ಸರಿ ಇಲ್ಲ ಅಂತ ಅಂಗಡಿಯವನ್ನ ಬೈದ್ವಲ್ಲವ್ವ' ಅಂದ್ರು. ಕ್ಯಾಲ್ಸಿಯಂ ಏನು ಮಾಡುತ್ತೆ ಅಂದ್ರೆ ಕಾಳಿನ ಒಳಗಡೆ ಇರೋ ಪೆಕ್ಟಿನ್ ಅನ್ನೋ ಅಂಟನ್ನ ಗಟ್ಟಿ ಮಾಡ್ಬಿಡುತ್ತೆ, ಅದಕ್ಕೇ ಎಷ್ಟು ಉರಿಸಿದ್ರೂ ಮೆತ್ತಗಾಗಲ್ಲ. ಅವರೆಕಾಳು, ಕಡ್ಲೆಕಾಳು, ಅಲಸಂದೆ ನೆನೆಸೋಕೂ ಒಳ್ಳೆ ನೀರೇ ಹಾಕಿ, ನೆನೆಯುವಾಗಲೇ ಕ್ಯಾಲ್ಸಿಯಂ ಒಳಗೆ ಸೇರ್ಕೊಂಡ್ರೆ ಆಮೇಲೆ ನೀರು ಬದಲಾಯಿಸಿದ್ರೂ ಅಷ್ಟು ಉಪಯೋಗ ಇಲ್ಲ. ಹುಣಸೆಹುಳಿ ಟೊಮೆಟೊ ಬೇಳೆ ಬೆಂದ ಮೇಲೆ ಹಾಕಿ, ಹುಳಿನೂ ಬೇಯೋದನ್ನ ತಡೆಯುತ್ತೆ.

ಮುದ್ದೆಗೆ ಯಾವ ನೀರಾದ್ರೂ ನನಗೆ ಏನೂ ವ್ಯತ್ಯಾಸ ಗೊತ್ತಾಗಿಲ್ಲ, ಗಡಸುತನದ ಮಟ್ಟಿಗೆ ಹೇಳ್ತಿದೀನಿ, ಫ್ಲೋರೈಡ್ ಇರೋ ನೀರು ಅಡುಗೆಗೂ ಬೇಡ. ಅನ್ನಕ್ಕೂ ಅಂಥ ವ್ಯತ್ಯಾಸ ಇಲ್ಲ. ಟೀಗೆ ಮಾತ್ರ ಖಂಡಿತ ಇದೆ, ಗಡಸು ನೀರಲ್ಲಿ ಬರೀ ಟೀ ಮಾಡಿಟ್ರೆ ಮೇಲೆ ಕಂದು ಪೊರೆ ಕಟ್ಟುತ್ತೆ, ಲೋಟಕ್ಕೂ ಅಂಟುತ್ತೆ. ಕುಕ್ಕರ್ ತಳಕ್ಕೆ ಹಾಕೋ ನೀರು ಬೋರಿಂದಾದ್ರೂ ನಡೆಯುತ್ತೆ, ಒಂದು ಗೋಲಿಯಷ್ಟು ಹುಣಸೆಹಣ್ಣು ಇಲ್ಲಾ ಹಿಂಡಿದ ನಿಂಬೆ ಸಿಪ್ಪೆ ಹಾಕಿ, ಅಲ್ಯೂಮಿನಿಯಂ ಕುಕ್ಕರ್ ಕಪ್ಪಾಗಲ್ಲ.

ಬಟ್ಟೆ. ನಿಮ್ಮ ನೀರು ಎಷ್ಟು ಗಡಸು ಅಂತ ಮನೇಲೇ ತಿಳ್ಕೋಬೇಕಾದ್ರೆ ಒಂದು ಬಾಟಲೀಲಿ ಅರ್ಧ ನೀರು ಹಾಕಿ ಹಳೇ ಬಟ್ಟೆ ಸೋಪನ್ನ ಚಾಕೂಲಿ ಸ್ವಲ್ಪ ಕೆರೆದು ಹಾಕಿ ಗಟ್ಟಿಯಾಗಿ ಅಲ್ಲಾಡಿಸಿ. ಮಳೆ ನೀರಾದ್ರೆ ಬಾಟಲಿ ತುಂಬಾ ನೊರೆ ಬರುತ್ತೆ. ಬೋರ್ ನೀರಾದ್ರೆ ನೊರೆ ಇಲ್ಲ, ಒಡೆದ ಹಾಲಿನ ಥರ ಬಿಳಿ ಚೂರು ತೇಲುತ್ತೆ. ಆ ಚೂರೇ ಬಟ್ಟೆ ಎಳೇಲಿ ಸಿಕ್ಕಾಕೊಂಡು ಬಿಳಿ ಪಂಚೆ ಬಿಳಿ ಶರ್ಟು ಬೂದಿ ಬಣ್ಣಕ್ಕೆ ತಿರುಗೋದು, ಟವೆಲ್ಲು ಒಣಗಿದ ಮೇಲೆ ಸೆಟೆದು ನಿಲ್ಲೋದು. ನಾನು ಮಾಡೋದೇನಂದ್ರೆ ಬಕೆಟ್ ಬೋರ್ ನೀರಿಗೆ ಒಂದು ಚಮಚ ವಾಷಿಂಗ್ ಸೋಡಾ ಹಾಕಿ ಅರ್ಧ ಗಂಟೆ ಬಿಡ್ತೀನಿ, ಕ್ಯಾಲ್ಸಿಯಂ ಕೆಳಗೆ ಬಿಳಿ ಹಿಟ್ಟಾಗಿ ಕೂರುತ್ತೆ, ಮೇಲಿನ ನೀರು ಬಗ್ಗಿಸ್ಕೊಂಡು ಅದರಲ್ಲಿ ಪೌಡರ್ ಹಾಕಿ ನೆನೆಸ್ತೀನಿ. ಪೌಡರ್ ಅರ್ಧಕ್ಕರ್ಧ ಉಳಿಯುತ್ತೆ. ಅಡುಗೆ ಸೋಡಾ ಬೇರೆ ವಾಷಿಂಗ್ ಸೋಡಾ ಬೇರೆ, ಕಿರಾಣಿ ಅಂಗಡೀಲಿ ಸರಿಯಾಗಿ ಕೇಳಿ ತಗೊಳ್ಳಿ. ಬಣ್ಣದ ಕಾಟನ್ನಿಗೂ ನಡೆಯುತ್ತೆ, ರೇಷ್ಮೆಗೆ, ಉಣ್ಣೆಗೆ, ಕಂಬಳಿಗೆ ಯಾವ ಕಾರಣಕ್ಕೂ ಹಾಕಬೇಡಿ, ಎಳೆ ಹಾಳಾಗುತ್ತೆ. ಕೊನೇ ಜಾಲಿಸೋ ಬಕೆಟ್‌ಗೆ ಚೂರೇ ಚೂರು ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್, ಕರಗಿಸಿ ಹಾಕಿದ್ರೆ ಟವೆಲ್ ಮೆತ್ತಗಾಗುತ್ತೆ, ಅದಕ್ಕೆ ಅಂತ ಮಾರೋ ಪರಿಮಳದ ಲಿಕ್ವಿಡ್ಡು ನಾನು ಕೊಳ್ಳೋದೇ ಬಿಟ್ಟಿದೀನಿ.

ತಲೆ ಸ್ನಾನಕ್ಕೆ ನನ್ನ ಮಗಳಿಗೆ ಹೇಳಿರೋದು ಇಷ್ಟೇ, ಹೆಂಗಾದ್ರೂ ತೊಳ್ಕೋ, ಕೊನೇಲಿ ಎರಡು ಚೊಂಬು ಮಳೆ ನೀರೋ ಫಿಲ್ಟರ್ ನೀರೋ ಹಾಕ್ಕೋ. ಕೂದಲ ಮೇಲೆ ಕೂತ ಸೋಪಿನ ಜಿಗುಟು ಹೋಗುತ್ತೆ, ಬಾಚಣಿಗೆ ಸಲೀಸಾಗಿ ಇಳಿಯುತ್ತೆ. ಗಡಸು ನೀರಿಂದ ಕೂದಲು ಒರಟಾಗುತ್ತೆ ಸಿಕ್ಕಾಗುತ್ತೆ ತುಂಡಾಗುತ್ತೆ, ಅದು ನಾನು ಕಣ್ಣಾರೆ ನೋಡಿದ್ದು. ಬುಡದಿಂದನೇ ಉದುರ್ತಿದ್ರೆ ನೀರಿನ ಮೇಲೆ ಹಾಕದೆ ಡಾಕ್ಟರ್‌ಗೆ ತೋರಿಸಿ, ಹೆಣ್ಮಕ್ಕಳಲ್ಲಿ ರಕ್ತ ಕಮ್ಮಿ ಇದ್ರೂ ಥೈರಾಯ್ಡ್ ಇದ್ರೂ ಹಂಗಾಗುತ್ತೆ.

ಗೀಸರ್ ಇದ್ದೋರು ವರ್ಷಕ್ಕೊಂದು ಸಲ ಬಿಚ್ಚಿಸಿ ನೋಡಿ. ನಮ್ಮ ಎದುರುಮನೆಯವರದ್ದು ನೀರು ಕಾಯೋಕೆ ಒಂದು ಗಂಟೆ ತಗೊಳ್ತಿತ್ತು, ಕರೆಂಟ್ ಬಿಲ್ಲು ಮೇಲೆ ಮೇಲೆ. ಬಿಚ್ಚಿದಾಗ ನಾನೂ ಅಲ್ಲೇ ಇದ್ದೆ, ಕಾಯಿಲ್ ಕಾಣ್ತಾನೇ ಇರಲಿಲ್ಲ, ಸುತ್ತಲೂ ಹೆಬ್ಬೆರಳು ದಪ್ಪಕ್ಕೆ ಬಿಳಿ ಸುಣ್ಣ ಪದರ ಪದರವಾಗಿ ಕಟ್ಟಿ, ಟ್ಯಾಂಕ್ ತಳದಲ್ಲಿ ಒಂದು ಬೊಗಸೆ ಚಕ್ಕೆ ಉದುರಿತ್ತು. ಜೊತೇಲಿ ಮೆಗ್ನೀಷಿಯಂ ರಾಡ್ ಅಂತ ಒಂದಿರುತ್ತೆ, ಟ್ಯಾಂಕ್ ತುಕ್ಕು ಹಿಡಿಯೋ ಬದಲು ಅದು ಸವೆಯೋಕೆ ಅಂತಲೇ ಹಾಕಿರೋದು, ಅವರದ್ದರಲ್ಲಿ ಬರೀ ನಡುವಿನ ತಂತಿ ಉಳಿದಿತ್ತು. ರಾಡ್ ಬದಲಾಯಿಸೋದು ಕಮ್ಮಿ ಖರ್ಚಿನ ಕೆಲಸ, ಟ್ಯಾಂಕ್ ತೂತಾದ್ರೆ ಗೀಸರ್ರೇ ಹೋಯ್ತು. ಥರ್ಮೋಸ್ಟಾಟನ್ನ 50ರಿಂದ 55ಕ್ಕೆ ಇಟ್ಕೊಳ್ಳಿ, 60 ದಾಟಿದ್ರೆ ಸುಣ್ಣ ಕಟ್ಟೋದು ಜಾಸ್ತಿ. ಸೋಲಾರ್ ಹಾಕಿಸೋರು ಬೋರ್ ನೀರಿಗಾದ್ರೆ ಗಾಜಿನ ಟ್ಯೂಬಿಂದೇ ತಗೊಳ್ಳಿ, ತಾಮ್ರದ ಪೈಪಿನ ಪ್ಯಾನಲ್ಲು ಸಣ್ಣ ಸಣ್ಣ ಪೈಪು, ಬೇಗ ಕಟ್ಟಿಕೊಳ್ಳುತ್ತೆ, ಗಾಜಿನ ಟ್ಯೂಬಾದ್ರೆ ಬಿಚ್ಚಿ ತೊಳೀಬಹುದು.

ಕಲೆ ತೆಗೆಯೋಕೆ ನಿಂಬೆ ಉಪ್ಪು ಒಂದೇ ಸಾಕು ಅಂತ ನನ್ನ ಗಟ್ಟಿ ಅಭಿಪ್ರಾಯ. ಸಂತೆಬಾಗಿಲ ಕಡೆ ಕಿರಾಣಿ ಅಂಗಡಿಗಳಲ್ಲಿ ಬಿಡಿಯಾಗಿ ತೂಕಕ್ಕೆ ಸಿಗುತ್ತೆ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಕರಗಿಸಿ ಹಳೇ ಬಟ್ಟೆ ಅದ್ದಿ ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ರೆ ಎಷ್ಟೇ ಹಳೇ ಸುಣ್ಣಾನೂ ಬ್ರಷ್‌ಗೆ ಎದ್ದು ಬರುತ್ತೆ. ಶವರ್ ತಲೆ ಬಿಚ್ಚಿ ಅದರಲ್ಲೇ ಮುಳುಗಿಸಿಡಿ, ನಲ್ಲಿ ಬಾಯಿಯ ಜಾಲರೀನೂ. ವಾಷಿಂಗ್ ಮೆಷಿನ್‌ಗೆ ತಿಂಗಳಿಗೊಂದು ಸಲ 100 ಗ್ರಾಂ ಹಾಕಿ ಬಟ್ಟೆ ಇಲ್ಲದೆ ಬಿಸಿನೀರಲ್ಲಿ ತಿರುಗಿಸಿ. ಆದ್ರೆ ಕಡಪ ಕಲ್ಲಿನ ಕಟ್ಟೆ, ಮಾರ್ಬಲ್ಲು, ರೆಡ್ ಆಕ್ಸೈಡ್ ನೆಲ, ಮೊಸಾಯಿಕ್ ಇದ್ದ ಕಡೆ ಒಂದು ಹನೀನೂ ಬೀಳಿಸಬೇಡಿ, ಹುಳಿ ಮುಟ್ಟಿದ ಜಾಗ ಹೊಳಪು ಹೋಗಿ ಒರಟಾಗುತ್ತೆ, ಆಮೇಲೆ ಪಾಲಿಶ್ ಹೊಡೆಸೋದೊಂದೇ ದಾರಿ. ನಮ್ಮ ಕಡೆ ಹಳೇ ಮನೆಗಳಲ್ಲಿ ಅಡುಗೆ ಕಟ್ಟೆ ಶೆಲ್ಫು ಎಲ್ಲಾ ಕಡಪ ಕಲ್ಲೇ, ಅದಕ್ಕೇ ಹೇಳ್ತಿರೋದು. ಗ್ರಾನೈಟಿಗೆ ಏನೂ ಆಗಲ್ಲ.

ಅಂಗಡೀಲಿ ಬಾಟಲೀಲಿ ಬರೋ ಬಾತ್‌ರೂಂ ಆಸಿಡ್ ಮಾತ್ರ ಮನೆಗೆ ತರಬೇಡಿ. ಟೈಲ್ಸ್ ಸಂದಿ ಸಿಮೆಂಟನ್ನ ತಿನ್ನುತ್ತೆ, ನಲ್ಲಿ ಹೊಳಪನ್ನ ತಿನ್ನುತ್ತೆ, ಅದಕ್ಕಿಂತ ಮುಖ್ಯ, ಅದರ ಜೊತೆ ಬ್ಲೀಚಿಂಗ್ ಪೌಡರ್ ಸೇರಿದ್ರೆ ಕ್ಲೋರಿನ್ ಗ್ಯಾಸ್ ಏಳುತ್ತೆ, ಮುಚ್ಚಿದ ಬಾತ್‌ರೂಮಲ್ಲಿ ಅದು ಪ್ರಾಣಕ್ಕೇ ಕುತ್ತು. ಕೆಲಸಕ್ಕೆ ಬರೋ ಹೆಂಗಸರ ಕೈಗೆ ಈ ಎರಡೂ ಕೊಟ್ಟು ತೊಳೀಯಮ್ಮ ಅನ್ನೋ ಮನೆಗಳಿವೆ, ದಯವಿಟ್ಟು ಹಂಗೆ ಮಾಡಬೇಡಿ.

ಮಳೆ ನೀರಿನ ಬಗ್ಗೆ ಜಾಸ್ತಿ ಬರೀಬೇಕು, ಯಾಕಂದ್ರೆ ನಮ್ಮನೇಲಿ ಎಲ್ಲಕ್ಕಿಂತ ಹೆಚ್ಚು ಉಪಯೋಗ ಆಗಿರೋದು ಇದೇ. ಇಲ್ಲಿ ಮಳೆನೇ ಇಲ್ಲ ಹಿಡಿಯೋದೆಲ್ಲಿ ಅಂತ ಎಲ್ಲರೂ ಅಂತಾರೆ. ಕೋಟೆಗೆ ಹೋದೋರು ಓಬವ್ವನ ಕಿಂಡಿ ನೋಡಿ ಫೋಟೋ ತೆಗೆಸ್ಕೊಂಡು ಬರ್ತಾರೆ, ಪಕ್ಕದಲ್ಲಿ ತಣ್ಣೀರು ದೋಣಿ ಅನ್ನೋ ಸಣ್ಣ ನೀರಿನ ತಾಣ ಇದೆ, ಅದನ್ನ ಸ್ವಲ್ಪ ಹೊತ್ತು ನಿಂತು ನೋಡಿ, ಗೋಪಾಲಸ್ವಾಮಿ ಹೊಂಡ ನೋಡಿ, ಅದು ತುಂಬಿದ್ರೆ ಅಕ್ಕ ತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಪೇಟೆ ಸಂತೆ ಹೊಂಡಕ್ಕೆ ಬರೋ ಹಂಗೆ ಪಾಳೆಗಾರರ ಕಾಲದಲ್ಲಿ ಬಂಡೆ ಮೇಲೆ ಬಿದ್ದ ಮಳೇನ ಹಿಡಿದು ಒಂದಿಡೀ ಕೋಟೆ ಬದುಕಿತ್ತು. ಅವರಿಗೂ ಇದೇ ಮಳೆನೇ ಅಲ್ವಾ. ನಮ್ಮ ತಾರಸಿ ಅಷ್ಟು ದೊಡ್ಡ ಬಂಡೆ ಅಲ್ಲ, ಆದ್ರೂ ಲೆಕ್ಕ ಹಾಕಿ ನೋಡಿ.

ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ನಮ್ಮದು ಮೂವತ್ತು ನಲವತ್ತರ ಸೈಟು, ತಾರಸಿ ಸುಮಾರು 900 ಚದರಡಿ, ಅಂದ್ರೆ 84 ಚದರ ಮೀಟರ್. 10 ಮಿಲಿಮೀಟರಿನ ಒಂದು ಸಾಧಾರಣ ಮಳೆಗೆ 840 ಲೀಟರ್, ಸೋರಿದ್ದು ಬಿಟ್ಟಿದ್ದು ಕಳೆದ್ರೂ 700 ಸಿಗುತ್ತೆ. ಅಡುಗೆಗೆ ದಿನಕ್ಕೆ 10 ಲೀಟರ್ ಅಂತ ಹಿಡಿದ್ರೆ 2,000 ಲೀಟರ್ ಇಟ್ಕೊಂಡ್ರೆ 200 ದಿನ ಬರುತ್ತೆ. ಅಂದ್ರೆ ಮೂರು ನಾಲ್ಕು ಒಳ್ಳೆ ಮಳೆ ಹಿಡಿದ್ರೆ ಅರ್ಧ ವರ್ಷಕ್ಕೂ ಜಾಸ್ತಿ ಬೇಳೆ ಬೇಯಿಸೋ ನೀರು ಆಯ್ತು.

ನಾವು ಮಾಡಿರೋದು ಹಿಂಗೆ. ತಾರಸಿ ನೀರು ಇಳಿಯೋ ನಾಲ್ಕಿಂಚಿನ ಪೈಪುಗಳನ್ನೆಲ್ಲ ಒಂದೇ ಕಡೆ ತಂದು ಅಲ್ಲಿ ಎರಡು ವಾಲ್ವು ಹಾಕಿಸಿದ್ವಿ, ಒಂದು ಹೊರಗೆ ಚರಂಡಿಗೆ, ಇನ್ನೊಂದು ಫಿಲ್ಟರ್ ಡ್ರಮ್ಮಿಗೆ. ಮಳೆ ಶುರುವಾದಾಗ ಹೊರಗಿಂದು ತೆಗೆದಿರುತ್ತೆ, ಹತ್ತು ಹದಿನೈದು ನಿಮಿಷ ಧೂಳು ಹಕ್ಕಿ ಹಿಕ್ಕೆ ಎಲ್ಲಾ ಹೋಗ್ಲಿ, ಪೈಪಿನ ಬಾಯೀಲಿ ನೀರು ತಿಳಿ ಬರೋದು ನೋಡಿ ತಿರುಗಿಸೋದು. ವರ್ಷದ ಮೊದಲ ಒಂದೆರಡು ಮಳೆ ಪೂರ್ತಿ ಬಿಟ್ಟುಬಿಡ್ತೀವಿ. ಫಿಲ್ಟರ್‌ಗೆ ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, ತಳಕ್ಕೆ ದಪ್ಪ ಜಲ್ಲಿ, ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ಇದ್ದಿಲು, ಮೇಲೆ ತೊಳೆದ ಮರಳು, ಪದರ ಪದರಕ್ಕೂ ನಡುವೆ ನೈಲಾನ್ ಜಾಲರಿ. ಜಲ್ಲಿ ಮರಳು ಎರಡನ್ನೂ ನೀರು ತಿಳಿಯಾಗೋವರೆಗೂ ತೊಳೆದು ಹಾಕಬೇಕು, ಇದನ್ನ ಗಾರೆಯವರು ಮಾಡಲ್ಲ, ನಾವೇ ನಿಂತು ಮಾಡ್ಸಬೇಕು. ಅಲ್ಲಿಂದ ಕಪ್ಪು ಬಣ್ಣದ ಎರಡು ಸಾವಿರ ಲೀಟರ್ ಟ್ಯಾಂಕಿಗೆ, ಬೆಳಕು ಒಳಗೆ ಹೋಗಬಾರದು, ಹೋದ್ರೆ ಪಾಚಿ. ಮುಚ್ಚಳದ ಸಂದಿಗೆ, ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಡೆಂಗ್ಯೂ ಸೊಳ್ಳೆ ಇಂಥ ತಿಳಿ ನೀರಲ್ಲೇ ಮೊಟ್ಟೆ ಇಡೋದು.

ದುರ್ಗದಲ್ಲಿ ಜೂನ್ ಜುಲೈ ನಂಬಿ ಕೂರಬೇಡಿ, ಮೋಡ ಬರುತ್ತೆ ಗಾಳಿ ಬೀಸುತ್ತೆ ಜೋಗಿಮಟ್ಟಿ ಗುಡ್ಡದ ಮೇಲಿನ ಗಾಳಿಯಂತ್ರದ ಫ್ಯಾನ್‌ಗಳು ತಿರುಗುತ್ತೆ, ಮಳೆ ಮಾತ್ರ ತುಂತುರು. ನಮಗೆ ಟ್ಯಾಂಕ್ ತುಂಬೋದು ಸೆಪ್ಟೆಂಬರ್ ಅಕ್ಟೋಬರಲ್ಲಿ, ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೇಲಿ. ಅಷ್ಟೊತ್ತಿಗೆ ತಾರಸಿ ಗುಡಿಸಿ, ಹಪ್ಪಳ ಸಂಡಿಗೆ ಒಣಗಿಸಿದ ಪ್ಲಾಸ್ಟಿಕ್ಕು, ಹಳೇ ಸಾಮಾನು ಎಲ್ಲಾ ಎತ್ತಿಟ್ಟು ರೆಡಿ ಇರ್ತೀವಿ. ಸ್ವಾತಿಯ ಕೊನೇ ಮಳೇಲಿ ತುಂಬಿದ್ದು ಮುಂದೆ ಯುಗಾದಿವರೆಗೂ ನಿಶ್ಚಿಂತೆಯಾಗಿ ಬರುತ್ತೆ. ಕುಡಿಯೋಕೂ ಆಗುತ್ತೆ, ನಾವು ಕುದಿಸಿ ಕುಡಿತೀವಿ. ಆಸ್ಬೆಸ್ಟಾಸ್ ಶೀಟಿನ ಮೇಲಿಂದ ಇಳಿದಿದ್ದು ಕುಡಿಯೋಕೆ ಬೇಡ, ಬಟ್ಟೆಗೆ ಬಳಸಿ. ಟ್ಯಾಂಕ್ ತುಂಬಿ ಉಕ್ಕಿದ್ದು ಬೋರ್ ಪಕ್ಕದ ಇಂಗುಗುಂಡಿಗೆ ಹೋಗುತ್ತೆ, ಬರೀ ತಾರಸಿ ನೀರು ಮಾತ್ರ, ಅಂಗಳ ತೊಳೆದಿದ್ದು ಪಾತ್ರೆ ತೊಳೆದಿದ್ದು ಆ ಕಡೆ ತಿರುಗಿಸೋ ಹಂಗೇ ಇಲ್ಲ.

ಸಂಪಿನ ನೀರಿಗೆ ವಾಸನೆ ಬಂದ್ರೆ ಅಥವಾ ಊರಲ್ಲಿ ವಾಂತಿ ಭೇದಿ ಸುದ್ದಿ ಇದ್ರೆ 1,000 ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರ್, ಅರ್ಧ ಚಮಚ ಅಂದ್ಕೊಳ್ಳಿ, ಒಂದು ಮಗ್ಗಲ್ಲಿ ಕದಡಿ ಸುಣ್ಣ ಕೆಳಗೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಸಂಪಿಗೆ ಹಾಕಿ ಅರ್ಧ ಗಂಟೆ ಬಿಡಿ. ಹಳೇ ಪೌಡರ್, ಗಾಳಿಗೆ ಬಿಟ್ಟಿದ್ದು, ವಾಸನೆ ಹೋಗಿದ್ದು ಹಾಕಿ ಪ್ರಯೋಜನ ಇಲ್ಲ.

ಪೈಪಿಗೆ ಅಯಸ್ಕಾಂತ ಕಟ್ಟಿದ್ರೆ ಗಡಸು ಹೋಗುತ್ತೆ ಅಂತ ಮಾರೋರು ಮನೆ ಬಾಗಿಲಿಗೂ ಬರ್ತಾರೆ. ನಾನು ಅವರಿಗೆ ಅದೇ ಸೋಪು ಬಾಟಲಿ ತಂದು ಕೊಡ್ತೀನಿ, ನಿಮ್ಮ ಮೆಷಿನ್ ಮುಂಚೆದ್ದು ಒಂದು ಆಮೇಲಿನದ್ದು ಒಂದು ಅಲ್ಲಾಡಿಸಿ ತೋರಿಸಿ ಅಂತ. ಕ್ಯಾಲ್ಸಿಯಂ ನೀರಲ್ಲೇ ಇದ್ರೆ ನೊರೆ ಎಲ್ಲಿಂದ ಬರಬೇಕು. ಉಪ್ಪು ಹಾಕಿ ನಡೆಸೋ ಸಾಫ್ಟ್‌ನರ್ ಬೇರೆ, ಅದು ನಿಜವಾಗ್ಲೂ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಬಿಡುತ್ತೆ, ಬರೀ ಬೋರ್ ಮೇಲಿರೋ ದೊಡ್ಡ ಮನೆ, ಹಾಸ್ಟೆಲ್ಲು, ಲಾಡ್ಜಿಗೆ ಸರಿ. ಆ ನೀರು ಕುಡಿಯೋಕೆ ಬೇಡ, ಬಿಪಿ ಇರೋರು ಅದರಲ್ಲಿ ಅಡುಗೆನೂ ಮಾಡಬೇಡಿ, ಫ್ಲೋರೈಡನ್ನ ಅದು ಮುಟ್ಟೋದೂ ಇಲ್ಲ.

ಗುಲಾಬಿ, ಕರಿಬೇವಿನ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಕಂಡ್ರೆ ಅದೂ ಬೋರ್ ನೀರಿಂದೇ ಇರಬಹುದು, ಮಣ್ಣಲ್ಲಿ ಕಬ್ಬಿಣ ಇದ್ರೂ ಗಿಡಕ್ಕೆ ಹತ್ತಲ್ಲ. ಮಳೆಗಾಲದಲ್ಲಿ ಕುಂಡಗಳನ್ನ ಮಳೆಗೇ ಇಡಿ, ತಳದ ತೂತಿಂದ ನೀರು ಚೆನ್ನಾಗಿ ಇಳಿದು ಹೋಗ್ಲಿ. ಇನ್ನು ಯುಪಿಎಸ್ ಬ್ಯಾಟರಿ, ಇದನ್ನ ತುಂಬಾ ಜನ ಕೇಳ್ತಾರೆ, ಆರ್‌ಒ ನೀರು ಹಾಕಬಹುದಾ, ಮಳೆ ನೀರು ಹಾಕಬಹುದಾ ಅಂತ. ಎರಡೂ ಬೇಡ. ಅದಕ್ಕೆ ಡಿಸ್ಟಿಲ್ಡ್ ವಾಟರೇ ಆಗಬೇಕು, ಬ್ಯಾಟರಿ ಅಂಗಡೀಲಿ ಐದು ಲೀಟರ್ ಕ್ಯಾನ್ ಸಿಗುತ್ತೆ, ಒಂದು ತಂದಿಟ್ಕೊಂಡ್ರೆ ಬಹಳ ದಿನ ಬರುತ್ತೆ, ಬೇಸಿಗೇಲಿ ತಿಂಗಳಿಗೊಂದು ಸಲ ಫ್ಲೋಟ್ ನೋಡಿ ಹಸಿರು ಗೆರೆವರೆಗೂ ತುಂಬಿಸಿ.